ಡೆಂಗಿ ಪರೀಕ್ಷೆಗೆ ಮೊದಲು ಜ್ವರದ ದಿನ ಕೇಳುವ ಹಾಸನದ ರಕ್ತಪರೀಕ್ಷಾ ಕೇಂದ್ರ

ಜ್ವರದಿಂದ ಬಳಲುತ್ತಿದ್ದ ನಮ್ಮ ಅತ್ತೆಯವರನ್ನು ಹಾಸನದ ಬಿ.ಎಂ. ರಸ್ತೆಯ ಸಮೀಪದ ಖಾಸಗಿ ರಕ್ತಪರೀಕ್ಷಾ ಕೇಂದ್ರವೊಂದಕ್ಕೆ ಕರೆದೊಯ್ದಾಗ, ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ಅಲ್ಲಿಯ ತಂತ್ರಜ್ಞೆ, "ಅಮ್ಮಾ, ಜ್ವರ ಶುರುವಾಗಿ ಇವತ್ತಿಗೆ ಎಷ್ಟನೇ ದಿನ?" ಎಂದು ವಿಚಾರಿಸಿದರು. ಈ ಪ್ರಶ್ನೆಯೊಂದಕ್ಕಾಗಿಯೇ ಆ ಕೇಂದ್ರದ ಸೇವೆಯನ್ನು ಮೆಚ್ಚಬೇಕು. ಏಕೆಂದರೆ ಪರೀಕ್ಷೆಯ ಫಲ ಡೆಂಗಿ ವೈರಾಣು ನಮ್ಮ ಜೀವಕೋಶದೊಳಗೆ ನಕಲಾಗುವ ಹಂತವನ್ನೇ ಅವಲಂಬಿಸಿದೆ.

ಈ ವೈರಾಣುವಿನ ಆನುವಂಶಿಕ ವಸ್ತು ಸುಮಾರು 11,000 ಅಕ್ಷರಗಳಷ್ಟು ಉದ್ದದ ಒಂಟಿ ಎಳೆಯ ಆರ್‌ಎನ್‌ಎ. ಅದು ಕೋಶದೊಳಗೆ ಬಿಡುಗಡೆಯಾದೊಡನೆ ಪ್ರೋಟೀನು ತಯಾರಿಸುವ ನಮ್ಮ ಕೋಶದ ರೈಬೋಸೋಮ್‌ಗಳೇ ಅದನ್ನು ನೇರವಾಗಿ ಓದಿ ಉದ್ದನೆಯ ಪ್ರೋಟೀನ್ ಸರಪಳಿಯೊಂದನ್ನು ಕಟ್ಟುತ್ತವೆ. ಅದು ತುಂಡಾಗಿ 10 ಪ್ರೋಟೀನುಗಳಾಗುತ್ತದೆ. ಮೂರು ವೈರಾಣುವಿನ ಮೈ ಕಟ್ಟುತ್ತವೆ, ಉಳಿದ ಏಳು ಮುಖ್ಯವಾಗಿ ನಕಲಿನ ಕೆಲಸಕ್ಕೆ ನಿಲ್ಲುತ್ತವೆ. ಈ ಏಳರಲ್ಲಿ ಎನ್‌ಎಸ್‌5 ಎಂಬ ಪ್ರೋಟೀನು ಮೊದಲು ಮೂಲಕ್ಕೆ ಪೂರಕವಾದ, 'ಋಣ ಎಳೆ' ಎನ್ನುವ ಎದುರು ಎಳೆಯನ್ನು ತಯಾರಿಸಿ, ಅದನ್ನೇ ಅಚ್ಚಾಗಿಸಿಕೊಂಡು ಹೊಸ ಎಳೆಗಳನ್ನು ಒಂದರ ಹಿಂದೊಂದು ತೆಗೆಯುತ್ತದೆ. ಜೋಡಿಯಾದ ಎಳೆಗಳನ್ನು ಬಿಡಿಸಿಕೊಡುವುದು ಎನ್‌ಎಸ್‌3 ಎಂಬ ಇನ್ನೊಂದು ಪ್ರೋಟೀನು. ಈ ಕೆಲಸವೆಲ್ಲ ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆ ಒಳಕ್ಕೆ ತಗ್ಗಿ ಉಂಟಾದ ಪುಟ್ಟ ಚೀಲಗಳಲ್ಲಿ, ಕೋಶದ ಕಾವಲು ವ್ಯವಸ್ಥೆಗೆ ಸುಲಭವಾಗಿ ಸಿಗದಂತೆ ನಡೆಯುತ್ತದೆ. ಈ ನಕಲಿಗೆ ಅಗತ್ಯವಾದ ಎನ್‌ಎಸ್‌1 ಎಂಬ ಪ್ರೋಟೀನಿನ ಒಂದಷ್ಟು ಪಾಲು ಕೋಶದಿಂದ ಹೊರಬಂದು ರಕ್ತಕ್ಕೆ ಸೇರುತ್ತದೆ. ಎನ್‌ಎಸ್‌1 ಪರೀಕ್ಷೆ ಹಿಡಿಯುವುದು ಇದನ್ನೇ.

ಆದ್ದರಿಂದ ನಕಲು ಭರದಲ್ಲಿರುವ ಜ್ವರದ ಮೊದಲ ದಿನಗಳಲ್ಲಿ ಎನ್‌ಎಸ್‌1 ಪರೀಕ್ಷೆ ಹೆಚ್ಚು ನಂಬಲರ್ಹ; ಸೋಂಕಿನ ವಿರುದ್ಧ ನಮ್ಮ ದೇಹ ತಯಾರಿಸುವ ಐಜಿಎಂ ಪ್ರತಿಕಾಯ ಸಾಮಾನ್ಯವಾಗಿ ಐದನೇ ದಿನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಅತ್ತೆಯವರಿಗೆ ಅಂದು ಜ್ವರದ ಎರಡನೇ ದಿನವಾದ್ದರಿಂದ, ಐಜಿಎಂ ಪರೀಕ್ಷೆ ಈಗಲೇ ಬೇಡವೆಂದು ತಂತ್ರಜ್ಞೆ ತಾವಾಗಿಯೇ ತಿಳಿಸಿದರು. ಎನ್‌ಎಸ್‌1 ಅನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚುವ ಎಲಿಸಾ ಎಂಬ ವಿಧಾನದ ಪರೀಕ್ಷೆಗೆ ರಾಜ್ಯ ಸರ್ಕಾರ 2024ರಲ್ಲಿ ನಿಗದಿಪಡಿಸಿದ 300 ರೂಪಾಯಿಗಿಂತ ಹೆಚ್ಚು ಪಡೆಯಲಿಲ್ಲ. ಬೇಡದ ಪರೀಕ್ಷೆಯನ್ನು ಬೇಡವೆನ್ನುವ ಪ್ರಾಮಾಣಿಕತೆ ಮಳೆಗಾಲದ ಜ್ವರದ ದಿನಗಳಲ್ಲಿ ದೊಡ್ಡ ಉಪಕಾರ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಅಷ್ಟು ಕಾಳಜಿಯಿಂದ ಕೇಳಿದ ಜ್ವರದ ದಿನ ಮುದ್ರಿತ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ. ರಕ್ತದಲ್ಲಿ ಎನ್‌ಎಸ್‌1 ಕಡಿಮೆಯಾಗಿರಬಹುದಾದ ಏಳನೇ ದಿನ ಬಂದವರ ವರದಿಯಲ್ಲಿ 'ನೆಗೆಟಿವ್' ಎಂದಷ್ಟೇ ಇದ್ದರೆ, ಅದನ್ನು ಡೆಂಗಿಯಲ್ಲ ಎಂದು ಓದಿಕೊಳ್ಳುವ ಅಪಾಯವಿದೆ. ಆ ಒಂದು ಸಾಲನ್ನು ಸೇರಿಸಲು ಕೇಂದ್ರದವರನ್ನು ಕೋರಿದ್ದೇನೆ. ಎಲಿಸಾ ಪರೀಕ್ಷೆಯನ್ನು ಮಾದರಿಗಳೆಲ್ಲ ಸೇರಿದ ಮೇಲೆ ಮಧ್ಯಾಹ್ನ ಒಟ್ಟಿಗೆ ನಡೆಸುವುದರಿಂದ, ಆಲೂರು, ಸಕಲೇಶಪುರದ ಕಡೆಯಿಂದ ಬರುವವರು ಬೆಳಿಗ್ಗೆಯೇ ರಕ್ತ ಕೊಟ್ಟರೆ ಸಂಜೆಗೆ ವರದಿ ಸಿಗುತ್ತದೆ.