ದಶಮಾಂಶ ಕೂಡೋದು ಕಳೆಯೋದು: ದುಡ್ಡಾ, ಚೌಕದ ಹಾಳೆನಾ, ಸ್ಕೇಲಾ?

ಐದನೇ ಕ್ಲಾಸಿಗೆ ಗಣಿತ ತಗೊಳ್ಳೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಪ್ರತಿ ವರ್ಷ ಬೋರ್ಡ್ ಮೇಲೆ 2.7 + 1.5 ಅಂತ ಬರೆದ್ರೆ ಅರ್ಧ ಕ್ಲಾಸು 3.12 ಅಂತ ಮಾಡ್ಕೊಂಡು ಬರುತ್ತೆ. ಆ ಕಡೆ ಎರಡು ಒಂದು ಮೂರು, ಈ ಕಡೆ ಏಳು ಐದು ಹನ್ನೆರಡು, ಮಧ್ಯೆ ಒಂದು ಚುಕ್ಕಿ. ಅವರ ಲೆಕ್ಕದಲ್ಲಿ ಎಲ್ಲಾ ಸರಿಯಾಗೇ ಇದೆ.

ಮೊದಲ ವರ್ಷ ನಾನೂ ಎಲ್ಲರ ಹಾಗೆ "ಬಿಂದು ಕೆಳಗೆ ಬಿಂದು ಬರಲಿ, ಖಾಲಿ ಇದ್ದ ಕಡೆ ಸೊನ್ನೆ ಹಾಕಿ" ಅಂತ ಹೇಳಿ ಮುಗಿಸಿದೆ. ಆ ವಾರ ಚೆನ್ನಾಗೇ ಮಾಡಿದ್ರು. ರಜೆ ಮುಗಿಸಿ ಬಂದ್ರೆ 3.5 + 2 ಅಂದ್ರೆ 3.7, ಯಾಕಂದ್ರೆ ಬಲಗಡೆ ಕೊನೆಯಿಂದ ಜೋಡಿಸಿಯೇ ಇಷ್ಟು ವರ್ಷ ಅಭ್ಯಾಸ. 6 ಅನ್ನು 6.00 ಅಂತ ಬರಿ ಅಂದಾಗ ಒಬ್ಬಳು "ಅದು ಆರುನೂರು ಆಗಲ್ವಾ ಮಿಸ್" ಅಂದ್ಲು, ಅವತ್ತು ನನ್ನ ಹತ್ರ ಸರಿಯಾದ ಉತ್ತರ ಇರ್ಲಿಲ್ಲ, ಸುಮ್ನೆ ಹಾಕು ಅಂದೆ.

ಎರಡನೇ ವರ್ಷ ದುಡ್ಡು. ಎಲ್ರೂ ಹೇಳ್ತಾರಲ್ಲ, ದುಡ್ಡು ಮಕ್ಕಳಿಗೆ ಗೊತ್ತಿರೋ ವಿಷ್ಯ ಅಂತ. ರೂಪಾಯಿ ಗೊತ್ತು ಸರಿ, ಪೈಸೆ ಎಲ್ಲಿ ಗೊತ್ತು? 25 ಪೈಸೆ ಮತ್ತೆ ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರಲ್ಲೇ ನಿಂತೋಯ್ತು, ಈ ಮಕ್ಕಳು ಆಮೇಲೆ ಹುಟ್ಟಿದೋರು. 50 ಪೈಸೆಗೆ ಈಗ್ಲೂ ಕಾನೂನಲ್ಲಿ ಬೆಲೆ ಇದೆ, ಆದ್ರೆ ನಮ್ಮೂರ ಅಂಗಡೀಲಿ ಕೊಟ್ರೆ ನಗ್ತಾರೆ. ಇದಕ್ಕಿಂತ ದೊಡ್ಡ ತೊಂದ್ರೆ ಬೇರೆ ಇದೆ. 2.5 ರೂಪಾಯಿ ಅಂದ್ರೆ "ಎರಡು ರೂಪಾಯಿ ಐದು ಪೈಸೆ" ಅಂತ ಓದ್ತಾರೆ. ಬಿಂದು ಅನ್ನೋದು ಎರಡು ಬೇರೆ ಬೇರೆ ಸಂಖ್ಯೆ ಮಧ್ಯೆ ಇರೋ ಗೋಡೆ ಅನ್ನೋ ತಪ್ಪು ಮೊದಲೇ ತಲೇಲಿ ಇದೆಯಲ್ಲ, ದುಡ್ಡು ಅದನ್ನ ಇನ್ನೂ ಗಟ್ಟಿ ಮಾಡುತ್ತೆ. ಜೊತೆಗೆ ಕ್ರಿಕೆಟ್ ಒಂದು. 4.3 ಓವರ್ ಆದ್ಮೇಲೆ 2.5 ಓವರ್ ಹಾಕಿದ್ರೆ 7.2 ಓವರ್, ಅದು ಆರರ ಲೆಕ್ಕ, ದಶಮಾಂಶವೇ ಅಲ್ಲ, ಹುಡುಗ್ರು ಮಾತ್ರ ಅದನ್ನೇ ಇಲ್ಲಿಗೂ ತರ್ತಾರೆ. ಈಗ ಪಾಠದ ಮೊದಲ ದಿನಾನೇ ಓವರ್ ಬೇರೆ ಇದು ಬೇರೆ ಅಂತ ಹೇಳ್ಬಿಡ್ತೀನಿ.

ಮೂರನೇ ವರ್ಷ ಹತ್ತು ಅಡ್ಡ ಹತ್ತು ಉದ್ದ ನೂರು ಮನೆ ಇರೋ ಚೌಕದ ಹಾಳೆಗೆ ಬಣ್ಣ ತುಂಬ್ಸಿದೆ. ಒಂದು ಸಾಲು ತುಂಬಿದ್ರೆ 0.1, ಒಂದು ಮನೆ 0.01. ಯಾವುದು ದೊಡ್ಡದು ಅಂತ ಹೋಲಿಸೋಕೆ ಇದನ್ನ ಬಿಟ್ಟು ಬೇರೆ ಬೇಡ್ವೇ ಬೇಡ. 0.15 ದೊಡ್ಡದು ಅಂತ ಜಗಳ ಆಡ್ತಿದ್ದೋರು 0.4ರ ನಾಲ್ಕು ಸಾಲು ನೋಡಿ ಸುಮ್ನಾದ್ರು, 0.4ಕ್ಕೆ ಸೊನ್ನೆ ಸೇರಿಸಿ 0.40 ಮಾಡಿದ್ರೂ ಅಷ್ಟೇ ಅನ್ನೋದೂ ಕಣ್ಣಿಗೇ ಕಾಣ್ತು. ಆದ್ರೆ ಕೂಡೋಕೆ ತುಂಬಾ ನಿಧಾನ. 1.36 + 0.87 ಮಾಡೋಷ್ಟರಲ್ಲಿ ಮೂರು ಹಾಳೆ ಒಂದು ಪಿರಿಯಡ್ ಮುಗ್ದೋಯ್ತು, ಅದ್ರಲ್ಲಿ ಅರ್ಧ ಟೈಮ್ ಪೆನ್ಸಿಲ್ ಹೆರೆಯೋದು. ಕಳೆಯೋದಂತೂ ಬಣ್ಣದ ಮೇಲೆ ಗೀಟು ಹೊಡೆದು ರಾಡಿ.

ಈ ವರ್ಷ ಸ್ಕೇಲು. ಹಳೇ ಕ್ಯಾಲೆಂಡರ್ ಹಾಳೆಯಿಂದ 2.7 ಸೆಂಟಿಮೀಟರ್ ಪಟ್ಟಿ ಒಂದು, 1.5ರ ಪಟ್ಟಿ ಇನ್ನೊಂದು ಕತ್ತರಿಸಿ ತುದಿಗೆ ತುದಿ ಅಂಟ್ಸಿ ಅಳತೆ ಮಾಡಿ ಅಂದೆ. 3.12 ಬರೆದಿದ್ದ ಹುಡುಗ ಒಬ್ಬ ಸ್ಕೇಲ್ ಇಟ್ಟ, 4.2 ಬಂತು, ಸ್ಕೇಲ್ ತಿರುಗಿಸಿ ಮತ್ತೆ ಇಟ್ಟ, ಪಕ್ಕದವನ ಸ್ಕೇಲ್ ಇಸ್ಕೊಂಡು ನೋಡ್ದ, ಆಮೇಲೆ ಬುಕ್ಕಲ್ಲಿ ಉತ್ತರ ತಾನೇ ಅಳಿಸ್ದ. ಏಳು ಮಿಲಿಮೀಟರಿಗೆ ಐದು ಸೇರಿದ್ರೆ ಹತ್ತು ಒಂದು ಸೆಂಟಿಮೀಟರ್ ಆಗಿ ಎರಡು ಉಳಿಯುತ್ತೆ ಅಂತ ನಾನು ಹೇಳೋ ಕೆಲ್ಸಾನೇ ಬರ್ಲಿಲ್ಲ. ತಾಪತ್ರಯ ಇಲ್ವಾ ಅಂದ್ರೆ ಇದೆ. ಸೊನ್ನೆಯಿಂದ ಇಡದೆ ಒಂದರಿಂದ ಇಡ್ತಾರೆ, ಇಲ್ಲಾ ಸ್ಕೇಲಿನ ತುದಿಯಿಂದ. ಎರಡನೇ ಸ್ಥಾನಕ್ಕೆ ಟೈಲರ್ ಟೇಪ್ ಬೇಕು, ಮೀಟರ್ ಲೆಕ್ಕದಲ್ಲಿ ಒಂದು ಸೆಂಟಿಮೀಟರ್ 0.01. ಮೊದಲ ದಿನ ಒಂದು ಗುಂಪು ಪೂರ್ತಿ ಇಂಚಿನ ಕಡೆಯಿಂದ ಅಳತೆ ಮಾಡಿತ್ತು, ನನಗೂ ಹದಿನೈದು ನಿಮಿಷ ಆದ್ಮೇಲೆ ಗೊತ್ತಾಗಿದ್ದು.

ಟೇಪಲ್ಲಿ ಮಕ್ಕಳಿಗೆ ಇಷ್ಟ ಆಗಿದ್ದು ಜಾವೆಲಿನ್ ಎಸೆಯೋ ನೀರಜ್ ಚೋಪ್ರಾ ಲೆಕ್ಕ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ 89.45 ಮೀಟರ್, 2025ರಲ್ಲಿ ದೋಹಾದಲ್ಲಿ 90.23, ಎಷ್ಟು ಜಾಸ್ತಿ? ಬುಕ್ಕಲ್ಲಿ ಮಾಡಿದ್ರೆ ಪಕ್ಕದ ಮನೆಯಿಂದ ಸಾಲ ತರೋಣ ಅಂದ್ರೆ ಅಲ್ಲೇ ಸೊನ್ನೆ, ಅದರಾಚೆ ಮನೆಗೆ ಹೋಗ್ಬೇಕು. ಕೊನೆಗೆ 0.78 ಬಂತು, ವರಾಂಡದಲ್ಲಿ ಸೀಮೆಸುಣ್ಣದಲ್ಲಿ ಗೀಟು ಎಳೆದು ನೋಡಿದ್ರು, "ಇಷ್ಟೇನಾ ಮಿಸ್?"

ಹಾಗಾಗಿ ನನ್ನ ಓಟು ಸ್ಕೇಲಿಗೆ. ಹೋಲಿಕೆ ಮಾಡೋಕೆ ಒಂದೇ ಒಂದು ದಿನ ಚೌಕದ ಹಾಳೆ, ಕೂಡೋಕೆ ಕಳೆಯೋಕೆ ಸ್ಕೇಲು ಟೇಪು, ಬಿಂದು ಕೆಳಗೆ ಬಿಂದು ಅನ್ನೋದು ಅದಾದ್ಮೇಲೆ. ದುಡ್ಡು ಎಲ್ಲಕ್ಕಿಂತ ಕೊನೆಗೆ, ಅದೂ ಕಳೆಯೋದಕ್ಕೆ ಮಾತ್ರ. ಅಪ್ಪನ ಅಂಗಡೀಲಿ ಕೂರೋ ಹುಡುಗಿ ಒಬ್ಬಳಿದ್ದಾಳೆ, 5 − 2.38 ಕೊಟ್ರೆ ಸಾಲ ಗೀಲ ಏನೂ ತಗೊಳ್ಳಲ್ಲ, ಚಿಲ್ಲರೆ ಎಣಿಸೋ ಥರ 2.38ಕ್ಕೆ ಎರಡು ಪೈಸೆ ಹಾಕಿದ್ರೆ 2.40, ಅರವತ್ತು ಪೈಸೆ ಹಾಕಿದ್ರೆ ಮೂರು, ಇನ್ನೆರಡು ರೂಪಾಯಿ ಹಾಕಿದ್ರೆ ಐದು, ಒಟ್ಟು 2.62 ಅಂತ ಬಾಯಲ್ಲೇ ಹೇಳ್ತಾಳೆ. ಪರೀಕ್ಷೇಲಿ ಹಂತ ಬರೀಬೇಕು ಕಣೆ ಅಂದ್ರೆ ಮಾತ್ರ ಮುಖ ಊದಿಸ್ಕೊಂಡು ಕೂರ್ತಾಳೆ.