ದಾವಣಗೆರೆಯಿಂದ ಕುದುರೆಮುಖಕ್ಕೆ: ರಾತ್ರಿ ರೈಲೋ, ಬಸ್ಸೋ?

ದಾವಣಗೆರೆಯಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ನೇರ ರೈಲಿಲ್ಲ. ಆದರೂ ಮೂರು ದಿನ ರಜೆ ಇದ್ದರೆ ಹೋಗುವಾಗ ರಾತ್ರಿ ರೈಲೇ ಹಿಡಿಯಿರಿ. ಎರಡೂ ದಾರಿಯಲ್ಲಿ ಓಡಾಡಿದ ಮೇಲೆ ಹೇಳುತ್ತಿದ್ದೇನೆ.

ರೈಲು ಅಂದರೆ ವಿಜಯಪುರ–ಮಂಗಳೂರು ಗಾಡಿ. ನಮ್ಮೂರಲ್ಲಿ ಹತ್ತಿ, ಖಾರ ಮಂಡಕ್ಕಿ ಪೊಟ್ಟಣ ಖಾಲಿ ಮಾಡಿ ಸ್ಲೀಪರ್‌ನಲ್ಲಿ ಕಾಲು ಚಾಚಿದರೆ ಅರಸೀಕೆರೆ, ಹಾಸನ ದಾಟಿದ್ದೇ ಗೊತ್ತಾಗುವುದಿಲ್ಲ. ಸಕಲೇಶಪುರ ಬಿಟ್ಟ ಮೇಲೆ ಮಾತ್ರ ಮಲಗಬೇಡಿ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ಪ್ರತಿ 50 ಮೀಟರಿಗೆ 1 ಮೀಟರ್ ಇಳಿಜಾರು, ಹಾಗಾಗಿ ಗಾಡಿ ಬ್ರೇಕ್ ಹಿಡಿದುಕೊಂಡೇ ತೆವಳುತ್ತದೆ. ನಾನು ಹೋದಾಗ ಘಾಟಿಯ ಕೊನೆ ಭಾಗದಲ್ಲಿ ಬೆಳಕು ಹರಿಯಿತು. ಸುರಂಗದ ಕತ್ತಲೆಯಿಂದ ಹೊರಗೆ ಬಂದರೆ ಮಂಜು, ನೀರು ಜಿನುಗುವ ಬಂಡೆ, ಬಂಡೆಯ ಸಂದಿಯಲ್ಲಿ ಜರೀಗಿಡ, ನೋಡುತ್ತಿದ್ದಂತೆ ಮತ್ತೆ ಕತ್ತಲೆ. ಬಾಗಿಲ ಹತ್ತಿರ ನಿಲ್ಲಬೇಡಿ, ಕಿಟಕಿಯೇ ಸಾಕು.

ತೊಂದರೆ ಏನಪ್ಪಾ ಅಂದರೆ ಇದು ದೊಡ್ಡ ಸುತ್ತು. ಸಮುದ್ರದ ಮಟ್ಟಕ್ಕೆ ಇಳಿದು, ಮಂಗಳೂರಿನ ಸೆಕೆಯಲ್ಲಿ ಬಸ್ಸು ಹಿಡಿದು, ಕಾರ್ಕಳ, ಬಜಗೋಳಿ, ಮಾಳ ಅಂತ ಮತ್ತೆ ಗುಡ್ಡ ಹತ್ತಬೇಕು. ಆ ದಿನ ಹೋಯಿತು ಅಂತಲೇ ಲೆಕ್ಕ. ಉದ್ಯಾನದ ಹತ್ತಿರದ ಸಂಸೆ ಅಥವಾ ಕಳಸದಲ್ಲಿ ಉಳಿದು ಮರುದಿನ ಬೆಳಿಗ್ಗೆ ಚಾರಣ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗಿ ಬರಲು 20 ಕಿಲೋಮೀಟರ್‌ಗೂ ಜಾಸ್ತಿ ನಡಿಗೆ, ಶಿಖರದ ಎತ್ತರ ಸುಮಾರು 1,890 ಮೀಟರ್. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಕಾಲಿಗೂ ಬಸ್ಸಿನಲ್ಲಿ ಮಡಚಿಕೊಂಡು ಕೂತ ಕಾಲಿಗೂ ಏನು ವ್ಯತ್ಯಾಸ ಅಂತ ಆ ಏರಿನಲ್ಲಿ ಗೊತ್ತಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು.

ಬಸ್ಸಿನ ದಾರಿ ಹತ್ತಿರದ್ದು: ಶಿವಮೊಗ್ಗ, ನರಸಿಂಹರಾಜಪುರ, ಬಾಳೆಹೊನ್ನೂರು, ಕಳಸ. ಬೆಳಿಗ್ಗೆ ಬೇಗ ಹೊರಟರೆ ಸಂಜೆಯೊಳಗೆ ಕಳಸ. ಸರ್ಕಾರಿ ಬಸ್ಸಲ್ಲಿ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಮಲೆನಾಡಿನ ಒಳಗೆ ಖಾಸಗಿ ಬಸ್ಸೇ ಜಾಸ್ತಿ. ಒಂದು ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಕಾಯುವುದೇ ಕೆಲಸ. ತಿರುವುಗಳಲ್ಲಿ ವಾಂತಿ ಆಗುವವರು ಮಾತ್ರೆ ಇಟ್ಟುಕೊಳ್ಳಿ.

ಇಷ್ಟಾದರೂ ಬಸ್ಸಿನ ದಾರಿಯನ್ನು ನಾನು ಬಿಡುವುದಿಲ್ಲ, ಬರುವಾಗ ಅದರಲ್ಲೇ ಬರುತ್ತೇನೆ. ಕಾರಣ ಭದ್ರಾ. ಈ ಉದ್ಯಾನದ ಗಂಗಾಮೂಲದಲ್ಲಿ ಹುಟ್ಟುವ ಹೊಳೆ ಕಳಸದಲ್ಲಿ ಸಿಗುತ್ತದೆ, ಬಾಳೆಹೊನ್ನೂರಿನಲ್ಲಿ ಮತ್ತೆ ಸಿಗುತ್ತದೆ, ಆಮೇಲೆ ಡ್ಯಾಮು, ಅಲ್ಲಿಂದ ನಾಲೆ. ನಮ್ಮ ಕಡೆಯ ಭತ್ತದ ಗದ್ದೆ, ಅಡಿಕೆ ತೋಟಕ್ಕೆ ಬರುವುದು, ಕುಂದವಾಡ ಕೆರೆ ತುಂಬುವುದು ಇದೇ ನೀರು. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದಾಗ ಮಳೆಗಾಲದಲ್ಲಿ ಹೊಳೆಗೆ ಹೂಳು ಸೇರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಪ್ರತಿ ವರ್ಷ ಕೇಳುವ ನಮ್ಮ ಜಿಲ್ಲೆಯವರು ಅಲ್ಲಿನ ಶೋಲಾ ಕಾಡನ್ನು, ಅಂದರೆ ಗುಡ್ಡದ ಹುಲ್ಲುಗಾವಲಿನ ನಡುವೆ ಕಣಿವೆಗಳಲ್ಲಿ ಬೆಳೆದ ಕಾಡನ್ನು, ಒಮ್ಮೆ ಕಣ್ಣಾರೆ ನೋಡಬೇಕು.

ರಜೆ ಕಡಿಮೆ ಇದ್ದರೆ ಹೋಗುವುದಕ್ಕೂ ಬಸ್ಸೇ ಸರಿ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ರೈಲು, ಅದೂ ಲೋವರ್ ಬರ್ತ್ ಸಿಕ್ಕರೆ ಮಾತ್ರ.