ಹಳೆಯ ವಿದ್ಯುತ್ ಕಾರು, ಹೊಸ ವಿದ್ಯುತ್ ಕಾರು ಮತ್ತು ರಸ್ತೆಯ ಮೇಲಿನ ಹುರುಳಿ

ಹಳೆಯ ಕಾರನ್ನು ನಾನು ಮಾರಬಾರದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನ್ನೂ ಸಮನಾಗಿ ತೂಗುವ ತಾಳ್ಮೆ ನನಗೀಗ ಉಳಿದಿಲ್ಲ.

2020ರಲ್ಲಿ ಕೊಂಡಿದ್ದು 30 ಯೂನಿಟ್ ಬ್ಯಾಟರಿಯ ಕಾರು. ಮೈಸೂರಿನಿಂದ ಎಚ್.ಡಿ. ಕೋಟೆಗೆ ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 90 ಕಿಲೋಮೀಟರಿಗೆ ತುಸು ಹೆಚ್ಚು. ರಾತ್ರಿ ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದರೆ ಬೆಳಗಿನ ಕಾಫಿಯ ಹೊತ್ತಿಗೆ ತುಂಬಿರುತ್ತಿತ್ತು. 2025ರಲ್ಲಿ ಅದನ್ನು ಆರೂವರೆ ಲಕ್ಷಕ್ಕೆ ಕೊಟ್ಟು, 12 ಲಕ್ಷ ಸಾಲ ಮಾಡಿ, 59 ಯೂನಿಟ್ಟಿನ ಹೊಸ ಕಾರು ತಂದೆ. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ: ಪರೀಕ್ಷೆಗೆಂದು ಓಡಿಸಿದ ದಿನ ರಿಂಗ್ ರಸ್ತೆ ಖಾಲಿಯಿತ್ತು, ಕಾರು ಬೆಣ್ಣೆಯಂತೆ ಓಡಿತು.

ಕೋಟೆಯ ರಸ್ತೆ ರಿಂಗ್ ರಸ್ತೆಯಲ್ಲ. ಸುಗ್ಗಿ ಬಂದರೆ ಅರ್ಧ ರಸ್ತೆಯೇ ಕಣ. ಹುರುಳಿ, ರಾಗಿ ಹರಡಿರುತ್ತಾರೆ. ವಾಹನಗಳೇ ಒಕ್ಕಣೆ ಮಾಡಿಕೊಡಲಿ ಎಂಬ ಲೆಕ್ಕ. ಹುರುಳಿಯ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಳ್ಳುತ್ತದೆಂದು ನಾನು ಬಲಕ್ಕೆ ಸರಿಯುತ್ತೇನೆ. ಕಾರು ಗೆರೆ ದಾಟದಂತೆ ಕಾಯಲು ಹೊಸದರ ಮುಂಗಾಜಿನ ಮೇಲೊಂದು ಕ್ಯಾಮೆರಾ ಇದೆ. ಅದಕ್ಕೆ ಹುರುಳಿ ಕಾಣುವುದಿಲ್ಲ, ಬಿಳಿ ಗೆರೆ ಮಾತ್ರ ಕಾಣುತ್ತದೆ. ಇಂಡಿಕೇಟರ್ ಹಾಕದೆ ಗೆರೆ ದಾಟಿದರೆ ಚಾಲಕ ತೂಕಡಿಸುತ್ತಿದ್ದಾನೆಂದು ಬಗೆದು ಸ್ಟೀರಿಂಗನ್ನು ಎಡಕ್ಕೆ ಎಳೆಯುತ್ತದೆ. ಮೊದಲ ಸಲ ಹೀಗಾದಾಗ ಟೈರ್ ಪಂಕ್ಚರ್ ಎಂದುಕೊಂಡು ಇಳಿದು ನೋಡಿದೆ.

ಗುಂಡಿ ತಪ್ಪಿಸಿದರೂ ಅದೇ, ಎತ್ತಿನಗಾಡಿ ಬಳಸಿದರೂ ಅದೇ. ಬಲ ಹಾಕಿದರೆ ಕೈಗೆ ಬಗ್ಗುತ್ತದೆ, ನಿಜ. ಆದರೆ ದಿನಕ್ಕೆ ಇಪ್ಪತ್ತು ಸಲ ಸ್ವಂತ ಕಾರಿನೊಡನೆ ಪಂಜ ಹಿಡಿಯಲು ನಾನು ಸಾಲ ಮಾಡಿದೆನೇ? ಆರಿಸಬಹುದಲ್ಲ ಎನ್ನುತ್ತೀರಿ. ಆರಿಸುತ್ತೇನೆ: ಪರದೆ ಮುಟ್ಟಿ, ಪಟ್ಟಿ ಇಳಿಸಿ, ಗುಂಡಿ ಒತ್ತಿ, ‘ಖಚಿತವೇ?’ ಎಂದು ಕೇಳಿದ್ದಕ್ಕೆ ಹೌದು ಎಂದು. ಚಹಾಕ್ಕೆಂದು ನಿಲ್ಲಿಸಿ ಮತ್ತೆ ಹೊರಟರೆ ಅದು ಮತ್ತೆ ಎಚ್ಚರಗೊಂಡಿರುತ್ತದೆ. ಸರ್ವೀಸ್ ಕೇಂದ್ರದಲ್ಲಿ ಕೇಳಿದರೆ ‘ಸರ್, ಅದು ಸುರಕ್ಷತೆಗೆ’ ಎಂದರು. ಹಳೆಯದರಲ್ಲಿ ಸುರಕ್ಷತೆಯ ಹೊಣೆ ನನ್ನ ಎರಡು ಕಣ್ಣುಗಳದ್ದಾಗಿತ್ತು.

ಎಸಿಯ ವಿಷಯ: ಹಳೆಯದರಲ್ಲಿ ತಿರುಗಿಸುವ ಗುಂಡಿ, ಹೊಸದರಲ್ಲಿ ಪರದೆ. ಹೆಚ್ಚು ಹೇಳಬೇಕಿಲ್ಲ.

ಗಾಳಿಯಾಡುವ ಸೀಟು ನನ್ನಾಕೆಗೆ ಇಷ್ಟವಾಗಿದೆ. ಹೊಸದಕ್ಕೆ ಒಂದು ಅಂಕ.

ಇನ್ನೊಂದು ಅಂಕವನ್ನೂ ಕೊಡಲೇಬೇಕು. ಮಂಗಳೂರಿನ ಮಾವನ ಮನೆಗೆ ಸುಮಾರು 250 ಕಿಲೋಮೀಟರ್. ಹಳೆಯದರಲ್ಲಿ ಮಡಿಕೇರಿಯಲ್ಲಿ ನಿಲ್ಲಿಸಿ ಚಾರ್ಜ್ ಮಾಡಲೇಬೇಕಿತ್ತು. ಹೊಸದು ಒಂದೇ ಉಸಿರಿಗೆ ಹೋಗುತ್ತದೆ. ಆದರೆ ಅಲ್ಲಿಗೆ ಹೋಗುವುದು ವರ್ಷಕ್ಕೆ ಎರಡು ಸಲ, ಮಕ್ಕಳಿಗೆ ಮಡಿಕೇರಿಯಲ್ಲಿ ಊಟವಂತೂ ಆಗಲೇಬೇಕು. ಅಲ್ಲಿಂದ ಸಂಪಾಜೆಗೆ ಘಾಟಿ ಇಳಿಯುವಾಗ ಎರಡೂ ಕಾರುಗಳು ಬ್ಯಾಟರಿಗೆ ಅಷ್ಟಿಷ್ಟು ತುಂಬಿಕೊಳ್ಳುತ್ತವೆ. ಇಳಿಜಾರಿಗೆ ಹಳೆಯದು ಹೊಸದೆಂಬ ಭೇದವಿಲ್ಲ.

ಹೊಸದು 100 ಕಿಲೋವಾಟ್ ವೇಗದಲ್ಲಿ ಚಾರ್ಜ್ ತೆಗೆದುಕೊಳ್ಳಬಲ್ಲದು. ನಮ್ಮ ದಾರಿಯಲ್ಲಿ ನನಗೆ ಸಿಕ್ಕ ಯಂತ್ರಗಳು 30ರವು, ಹೆಚ್ಚೆಂದರೆ 60ರವು. ಮನೆಯ ಪ್ಲಗ್ಗಿನಲ್ಲಿ ಪೂರ್ತಿ ಖಾಲಿಯಿಂದ ತುಂಬಲು 20 ತಾಸು. ದಿನದ ಓಡಾಟಕ್ಕೆ ಅಷ್ಟು ಬೇಕಿಲ್ಲ ಎನ್ನುವಿರಾದರೆ, ಅಷ್ಟು ದೊಡ್ಡ ಬ್ಯಾಟರಿಯೂ ಬೇಕಿರಲಿಲ್ಲ.

ಕಂತು ತಿಂಗಳಿಗೆ ಹತ್ತಿರಹತ್ತಿರ 25 ಸಾವಿರ, ಐದು ವರ್ಷ. ಹಳೆಯದರ ಸಾಲ ತೀರಿ ವರ್ಷವಾಗಿತ್ತು.

ವಾರಕ್ಕೊಮ್ಮೆ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೋಗಿಬರುವವರಾದರೆ ಹೊಸದನ್ನೇ ಕೊಳ್ಳಿ, ಅಲ್ಲಿ ಗೆರೆಗಳೂ ನೆಟ್ಟಗಿವೆ. ನನ್ನಂತೆ ಒಂದೇ ಹಳ್ಳಿದಾರಿಯಲ್ಲಿ ದಿನವೂ ಓಡಾಡುವವರು ಹಳೆಯದಕ್ಕೆ ಹೊಸ ಟೈರ್ ಹಾಕಿಸಿಕೊಂಡು ಸುಮ್ಮನಿರಿ. ನನ್ನ ಹಳೆಯ ಕಾರನ್ನು ಕೊಂಡವರು ನಮ್ಮ ಪಕ್ಕದ ಬೀದಿಯವರೇ. ಕೊಡುವ ಮನಸ್ಸಾದರೆ ಹೇಳಿ ಎಂದು ಎರಡು ಸಲ ಕೇಳಿದ್ದೇನೆ. ಎರಡನೆಯ ಸಲ ಅವರು ಎಂಟು ಲಕ್ಷ ಎಂದರು.